ರಸ್ತಾ ಸರ್ಕಾರದ್ದು, ಕಾಲು ನಮ್ಮವು, ರೊಕ್ಕ ಯಾರಿಗೆ?

ನಮ್ಮ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸ ಮಾಡುವ ಹುಡುಗನೊಬ್ಬ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಓಡಲು ಬರುತ್ತಾನೆ. ಆ ದಿನ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲ. ನಮ್ಮಂಥ ಹತ್ತಾರು ಗುಂಪುಗಳು ಅಲ್ಲಿ ಸೇರುತ್ತವೆ. ಹುಡುಗನ ಊರು ಸಿಂಧನೂರಿನ ಕಡೆ. ಸೇನೆಯ ಭರ್ತಿಗೆಂದು ಓಡಲು ಶುರು ಮಾಡಿದವನು. ಭರ್ತಿ ಆಗಲಿಲ್ಲ, ಓಟ ಉಳಿಯಿತು. ಸಮವಸ್ತ್ರ ಮಡಚಿ ಚೀಲದಲ್ಲಿಟ್ಟು ಅವನು ಹೊರಟನೆಂದರೆ ನಮ್ಮಲ್ಲಿ ಯಾರೂ ಒಂದು ಸುತ್ತಿಗಿಂತ ಹೆಚ್ಚು ಅವನ ಜೊತೆಗಿರಲಾರೆವು. ಒಂದು ಭಾನುವಾರ ಓಟ ಮುಗಿಸಿ ಇಡ್ಲಿ ತಿನ್ನುತ್ತ ನಾವು ಊರಿನ ದೊಡ್ಡ ಓಟವೊಂದರ ರಿಜಿಸ್ಟ್ರೇಷನ್ ಬಗ್ಗೆ ಮಾತಾಡುತ್ತಿದ್ದೆವು. ಅವನು ಕೇಳಿದ: “ಅದಕ್ಕ ಫೀಸ್ ಎಷ್ಟ್ರೀ ಸರ?”

“ತೆರಿಗೆ ಎಲ್ಲಾ ಸೇರಿ ಎರಡು ಸಾವಿರದ ಮೇಲಾಗುತ್ತಪ್ಪ” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ರಸ್ತಾ ಸರ್ಕಾರದ್ದು, ಕಾಲು ನಮ್ಮವು. ರೊಕ್ಕ ಯಾರಿಗ್ರೀ ಸರ?”

ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಅವನ ಸಂಬಳ ತಿಂಗಳಿಗೆ ಹದಿನಾರು ಸಾವಿರ. ಆ ಫೀಸು ಅಂದರೆ ಅವನ ಸುಮಾರು ನಾಲ್ಕು ದಿನದ ದುಡಿಮೆ. ಪೊಲೀಸ್ ಬಂದೋಬಸ್ತು, ನೀರು, ಮೆಡಲು, ಟೀ ಶರ್ಟು ಎಂದು ನಾನು ಬಾಯಿಗೆ ಬಂದ ನಾಲ್ಕು ಖರ್ಚು ಹೇಳಿದೆ. ಅವನು ತಲೆಯಾಡಿಸಿದ. ಮನೆಗೆ ಬರುವ ದಾರಿಯಲ್ಲಿ ನನಗೇ ಆ ಉತ್ತರ ಸಾಲದೆನಿಸಿತು. ಹದಿನೈದು ವರ್ಷಗಳಿಂದ ಓಡುತ್ತಿದ್ದೇನೆ. ಕೇಳಿದಷ್ಟು ಕಟ್ಟುತ್ತ ಬಂದಿದ್ದೇನೆ. ಅವನು ಕೇಳಿದ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಉತ್ತರ ಹುಡುಕುವುದಕ್ಕೆ ನ್ಯೂಯಾರ್ಕಿಗಿಂತ ಒಳ್ಳೆಯ ಜಾಗವಿಲ್ಲ. ಇಂದು ಪ್ರಪಂಚದ ಅತಿ ದೊಡ್ಡ ಮ್ಯಾರಥಾನ್‌ಗಳಲ್ಲೊಂದು ನಡೆಯುವುದು ಅಲ್ಲೇ. ಅದು ಎಷ್ಟು ಚಿಕ್ಕದಾಗಿ ಹುಟ್ಟಿತು, ಯಾವ ವರ್ಷ ಎಷ್ಟು ದುಬಾರಿಯಾಯಿತು ಎಂಬುದಕ್ಕೆಲ್ಲ ದಾಖಲೆ ಇದೆ.

1970ರ ಸೆಪ್ಟೆಂಬರ್ 13ರಂದು ಮೊದಲ ನ್ಯೂಯಾರ್ಕ್ ಮ್ಯಾರಥಾನ್ ಸೆಂಟ್ರಲ್ ಪಾರ್ಕಿನೊಳಗೆ ಸುತ್ತು ಹೊಡೆಯುವ ಓಟವಾಗಿ ನಡೆಯಿತು. ಪ್ರವೇಶ ಶುಲ್ಕ ಒಂದು ಡಾಲರ್. ಓಡಲು ನಿಂತವರು 127 ಜನ, ಬಿಸಿಲಿನಲ್ಲಿ ಓಟ ಪೂರೈಸಿದವರು 55. ಇದ್ದ ಒಬ್ಬಳೇ ಮಹಿಳೆ ನೀನಾ ಕುಸ್ಕಿಕ್ ಮೈಗೆ ಹುಷಾರಿಲ್ಲದೆ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಗೆದ್ದ ಗ್ಯಾರಿ ಮರ್ಕಿ ಅಗ್ನಿಶಾಮಕ ದಳದ ನೌಕರ. ಗೆದ್ದವರಿಗೆ ಕೊಟ್ಟದ್ದು ಅಗ್ಗದ ಕೈಗಡಿಯಾರಗಳನ್ನು, ಬೇರೆ ಆಟಗಳಿಗೆ ಮಾಡಿಸಿ ಉಳಿದಿದ್ದ ಟ್ರೋಫಿಗಳನ್ನು. ಇಡೀ ಓಟದ ಬಜೆಟ್ ಸುಮಾರು ಸಾವಿರ ಡಾಲರ್.

ಅಂದಿನಿಂದ ಇಂದಿನವರೆಗೆ ಅಮೆರಿಕದಲ್ಲಿ ವಸ್ತುಗಳ ಬೆಲೆ ಸರಿಸುಮಾರು ಎಂಟು ಪಟ್ಟು ಏರಿದೆ. ಶುಲ್ಕವೂ ಅದೇ ಹಾದಿ ಹಿಡಿದಿದ್ದರೆ ಇಂದು ಎಂಟು ಡಾಲರಿಗೆ ಓಡಬಹುದಿತ್ತು. 2012ರಲ್ಲೇ ಸಂಘಟಕ ಸಂಸ್ಥೆಯ ಸದಸ್ಯರಲ್ಲದ ಅಮೆರಿಕನ್ನರಿಗೆ ಶುಲ್ಕ ಒಂದೇ ಏಟಿಗೆ 196 ಡಾಲರಿನಿಂದ 255 ಡಾಲರಿಗೆ ಜಿಗಿಯಿತು. ಈಗ ಅದು ಮುನ್ನೂರರ ಗಡಿ ದಾಟಿದೆ. ಹೊರದೇಶದವರಿಗೆ ಇನ್ನೂ ಹೆಚ್ಚು.

ಎಂಟು ಡಾಲರಿಗೂ ಮುನ್ನೂರು ಡಾಲರಿಗೂ ನಡುವಿನ ಅಂತರ ಹುಟ್ಟಿದ್ದು ಎಲ್ಲಿ? 1976ರಲ್ಲಿ, ಓಟ ಪಾರ್ಕಿನಿಂದ ಹೊರಗೆ ಕಾಲಿಟ್ಟ ದಿನ ಎಂದು ನನಗನ್ನಿಸುತ್ತದೆ. ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದ ಸಂಭ್ರಮ. ನಗರದ ಐದೂ ವಿಭಾಗಗಳನ್ನು ಒಂದೇ ಓಟದಲ್ಲಿ ಹೊಲಿಯೋಣ ಎಂಬ ಯೋಚನೆ ಬಂತು. ಅದನ್ನು ಬೀದಿಗೆ ತಂದವರು ಫ್ರೆಡ್ ಲೆಬೋ. ರುಮೇನಿಯಾದಲ್ಲಿ ಹುಟ್ಟಿದ ಯಹೂದಿ, ಸಿದ್ಧ ಉಡುಪಿನ ವ್ಯಾಪಾರದಲ್ಲಿದ್ದವರು, ಓಟದ ಹುಚ್ಚು ಹತ್ತಿಸಿಕೊಂಡವರು. ಆ ವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಓಡಿದರು. ಗೆದ್ದ ಬಿಲ್ ರಾಜರ್ಸ್ ಓಟ ಮುಗಿಸಿ ಬಂದು ನೋಡಿದರೆ ನಿಲ್ಲಿಸಿದ್ದ ಕಾರು ಇರಲಿಲ್ಲ, ಟೋ ಮಾಡಿಕೊಂಡು ಹೋಗಿದ್ದರು! ನಗರದ ರಸ್ತೆಗೆ ತನ್ನದೇ ನಿಯಮ, ತನ್ನದೇ ದರ ಇದೆ ಎಂಬುದರ ಮೊದಲ ರುಚಿ ಅಂದಿನ ವಿಜೇತರಿಗೇ ಸಿಕ್ಕಿತು.

ಪಾರ್ಕಿನ ಓಟಕ್ಕೆ ಯಾರನ್ನೂ ನಿಲ್ಲಿಸಬೇಕಿರಲಿಲ್ಲ. ಬೀದಿಯ ಓಟಕ್ಕೆ ಇಡೀ ನಗರವನ್ನು ಅರ್ಧ ದಿನ ನಿಲ್ಲಿಸಬೇಕು. ಸ್ಟ್ಯಾಟನ್ ಐಲೆಂಡಿನಿಂದ ವೆರಜಾನೊ ಸೇತುವೆ ಹತ್ತಿ ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್ ದಾಟಿ ಮ್ಯಾನ್‌ಹಟನ್ ಸೇರುವ 42.195 ಕಿಲೋಮೀಟರು. ಅಷ್ಟು ಉದ್ದಕ್ಕೂ ಅಡ್ಡರಸ್ತೆಗಳನ್ನು ಮುಚ್ಚಬೇಕು, ಬಸ್ ಮಾರ್ಗ ಬದಲಿಸಬೇಕು, ಆಂಬುಲೆನ್ಸಿಗೆ ದಾರಿ ಬಿಡಬೇಕು, ಪ್ರತಿ ತಿರುವಿನಲ್ಲಿ ಪೊಲೀಸರು ನಿಲ್ಲಬೇಕು. ನಸುಕಿನಲ್ಲೇ ಹತ್ತಾರು ಸಾವಿರ ಜನರನ್ನು ಬಸ್ಸಿನಲ್ಲಿ, ದೋಣಿಯಲ್ಲಿ ಓಟ ಹೊರಡುವ ಜಾಗಕ್ಕೆ ಸಾಗಿಸಬೇಕು. ಅವರಿಗೆ ಶೌಚಾಲಯ ಬೇಕು. ಓಟ ಮುಗಿದ ಮೇಲೆ ಬೀದಿಯಲ್ಲಿ ಬಿದ್ದ ಲೋಟಗಳನ್ನು ಗುಡಿಸಬೇಕು. 2012ರಲ್ಲಿ ಶುಲ್ಕ ಏರಿಸಿದಾಗ ಸಂಘಟಕರು ಕೊಟ್ಟ ಕಾರಣವೂ ಇದೇ: ಪೊಲೀಸ್ ಮತ್ತಿತರ ಸೇವೆಗಳಿಗೆ ನಗರ ಹೆಚ್ಚು ಹಣ ಕೇಳುತ್ತಿದೆ.

ಸಿಂಧನೂರಿನ ಹುಡುಗನ ಪ್ರಶ್ನೆ ನ್ಯೂಯಾರ್ಕಿನಲ್ಲಿ 2024ರ ವಸಂತದಲ್ಲಿ ಬಹಿರಂಗವಾಗಿಯೇ ಎದ್ದಿತು. ವೆರಜಾನೊ ಸೇತುವೆ ಟೋಲ್ ಸೇತುವೆ. ಓಟದ ದಿನ ಅದನ್ನು ಮುಚ್ಚುವುದರಿಂದ ತನಗೆ ಟೋಲ್ ನಷ್ಟವಾಗುತ್ತದೆ, ಅದಕ್ಕೆ ವರ್ಷಕ್ಕೆ ಸುಮಾರು 7,50,000 ಡಾಲರ್ ಕೊಡಿ ಎಂದು ಅಲ್ಲಿನ ಸಾರಿಗೆ ಪ್ರಾಧಿಕಾರ ಸಂಘಟಕರನ್ನು ಕೇಳಿತು. ಇದು ಮುಂದೆ ಓಟಗಾರರ ಶುಲ್ಕಕ್ಕೇ ಬಂದು ಕೂರುತ್ತದೆ ಎಂದು ಸಂಘಟಕರು ಹೇಳಿದರು. ಸುದ್ದಿ ಹೊರಬಿದ್ದು ಜನ ಸಿಟ್ಟಾದಾಗ ರಾಜ್ಯದ ಗವರ್ನರ್ ಕ್ಯಾಥಿ ಹೋಕಲ್ ನಡುವೆ ಬಂದರು. ಓಟ ಹಿಂದಿನಂತೆಯೇ ನಡೆಯಿತು.

ಈ ಪ್ರಸಂಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಸೇತುವೆ ಸಾರ್ವಜನಿಕರದು, ಪ್ರಾಧಿಕಾರವೂ ಸಾರ್ವಜನಿಕರದೇ. ಕಾರಿನವರು ದಿನವೂ ಟೋಲ್ ಕೊಡುತ್ತಾರೆ, ಓಟಗಾರರು ವರ್ಷಕ್ಕೊಮ್ಮೆ ಯಾಕೆ ಕೊಡಬಾರದು ಎಂಬುದು ಒಂದು ವಾದ. ಆ ಒಂದು ಭಾನುವಾರ ನಗರ ತನ್ನ ಜನಕ್ಕೆ ತನ್ನ ಬೀದಿಯನ್ನು ಬಿಟ್ಟುಕೊಡುತ್ತದೆ, ಅದಕ್ಕೆ ಬೆಲೆ ಕಟ್ಟಬಾರದು ಎಂಬುದು ಇನ್ನೊಂದು. ನಾನು ಎರಡನೆಯ ವಾದದ ಕಡೆಯವನು. ಆದರೆ ಆ ವಾದ ಹೂಡಿದವರು ಮುಂದಿನ ಮಾತಿಗೂ ಬದ್ಧರಾಗಬೇಕು: ಬೀದಿ ಜನರದ್ದೆಂದು ಪುಕ್ಕಟೆ ಪಡೆದ ಮೇಲೆ ಓಟವೂ ಜನರ ಕೈಗೆಟುಕುವಂತಿರಬೇಕು.

ಖರ್ಚೆಲ್ಲ ಸುಳ್ಳು, ಸಂಘಟಕರು ಬರೀ ದೋಚುತ್ತಾರೆ ಎಂದು ಹೇಳುವವರ ಜೊತೆ ನಾನು ಸೇರಲಾರೆ. 2007ರ ಅಕ್ಟೋಬರಿನಲ್ಲಿ ಷಿಕಾಗೋ ಮ್ಯಾರಥಾನ್ ದಿನ ಅನಿರೀಕ್ಷಿತ ಸೆಕೆ, ತಾಪಮಾನ 30 ಡಿಗ್ರಿ ಸೆಲ್ಸಿಯಸ್ ದಾಟಿತು. ನೀರಿನ ಮೇಜುಗಳಲ್ಲಿ ನೀರು ಮುಗಿಯಿತು. ನೂರಾರು ಜನ ಅಸ್ವಸ್ಥರಾದರು, ಒಬ್ಬ ಓಟಗಾರ ತೀರಿಕೊಂಡರು, ಓಟವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನಿನ ಮುಕ್ತಾಯದ ಗೆರೆಯ ಬಳಿ ಬಾಂಬ್ ಸಿಡಿದು ಮೂವರು ಸತ್ತರು, ನೂರಾರು ಜನ ಗಾಯಗೊಂಡರು. ಅದಾದ ಮೇಲೆ ಯಾವ ನಗರದ ಓಟವೂ ಮೊದಲಿನಂತೆ ಉಳಿಯಲಿಲ್ಲ. ಬ್ಯಾಗ್ ತಪಾಸಣೆ, ತಡೆಬೇಲಿ, ಕ್ಯಾಮೆರಾ, ಶ್ವಾನದಳ, ಇವೆಲ್ಲ ಬಜೆಟ್ಟಿನ ಕಾಯಂ ಬಾಬತ್ತುಗಳಾದವು. 2007ರಲ್ಲಿ 10,000 ಯೆನ್ ಶುಲ್ಕದಿಂದ ಶುರುವಾದ ಟೋಕಿಯೊ ಮ್ಯಾರಥಾನ್ 2020ರ ಹೊತ್ತಿಗೆ 16,200 ಯೆನ್ ಕೇಳಿದ್ದಕ್ಕೂ ಭದ್ರತೆಯ ಖರ್ಚನ್ನೇ ಕಾರಣವಾಗಿ ಕೊಟ್ಟರು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟದ್ದನ್ನು ಕಂಡವರು, ಜನಸಂದಣಿಯ ವ್ಯವಸ್ಥೆಗೆ ಹಣ ಸುರಿಯುವುದು ದಂಡ ಎಂದು ಯಾವತ್ತೂ ಹೇಳಲಾರರು.

ಆದರೆ ಖರ್ಚು ಏರಿದ್ದಕ್ಕಷ್ಟೇ ಶುಲ್ಕ ಏರಿತು ಅಂದರೆ ಅರ್ಧ ಸತ್ಯವಾದೀತು. ಉಳಿದರ್ಧ ಲಂಡನ್ನಿನ ಅಂಕಿಗಳಲ್ಲಿದೆ.

ಲಂಡನ್ ಮ್ಯಾರಥಾನ್ ಕಟ್ಟಿದ ಕ್ರಿಸ್ ಬ್ರೇಷರ್ ಒಲಿಂಪಿಕ್ ಚಿನ್ನ ಗೆದ್ದವರು, ಪತ್ರಕರ್ತರೂ ಹೌದು. 1979ರಲ್ಲಿ ನ್ಯೂಯಾರ್ಕಿನಲ್ಲಿ ಓಡಿ ಬಂದು ಅಲ್ಲಿ ಕಂಡ ಮನುಷ್ಯರ ಸಂತೋಷದ ಬಗ್ಗೆ ಬರೆದರು. ನಮ್ಮ ಊರಿಗೂ ಇಂಥದ್ದೊಂದು ಸಾಧ್ಯವೇ ಎಂದು ಕೇಳಿದರು. 1981ರ ಮಾರ್ಚ್ 29ರಂದು ಮೊದಲ ಓಟ. ಸುಮಾರು 20,000 ಜನ ಅರ್ಜಿ ಹಾಕಿದ್ದರು, ಸುಮಾರು ಏಳು ಸಾವಿರ ಮಂದಿಗೆ ಅವಕಾಶ ಸಿಕ್ಕಿತು. ಮೂವರಲ್ಲಿ ಒಬ್ಬರಿಗೆ ಜಾಗ ಅಂದುಕೊಳ್ಳಿ. ಅಂದು ಮುಂದಿದ್ದ ಇಬ್ಬರು, ಅಮೆರಿಕದ ಡಿಕ್ ಬಿಯರ್ಡ್ಸ್‌ಲೀ ಮತ್ತು ನಾರ್ವೆಯ ಇಂಗೆ ಸಿಮನ್‌ಸನ್, ಮಳೆಯಲ್ಲಿ ಕೈ ಕೈ ಹಿಡಿದು ಒಟ್ಟಿಗೇ ಗೆರೆ ದಾಟಿದರು. 2026ರ ಓಟಕ್ಕೆ ಲಾಟರಿಯಲ್ಲಿ ಹೆಸರು ಹಾಕಿದವರ ಸಂಖ್ಯೆ 11 ಲಕ್ಷ 33 ಸಾವಿರ ಮೀರಿತು. ರಸ್ತೆ ಮಾತ್ರ ಅಷ್ಟೇ ಅಗಲ. ನ್ಯೂಯಾರ್ಕಿನಲ್ಲೂ 2025ರ ಓಟಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು; ಲಾಟರಿಯಲ್ಲಿ ಜಾಗ ಸಿಕ್ಕಿದ್ದು ನೂರಕ್ಕೆ ಇಬ್ಬರು ಮೂವರಿಗೆ.

ಸಂತೆಯಲ್ಲಿ ಒಂದು ಕುಂಬಳಕಾಯಿಗೆ ನಲವತ್ತು ಜನ ಕೈ ಚಾಚಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತಿದೆ. ಹೊರಗೆ ಬರೆದಿರುವ ಬೆಲೆ ಒಂದು, ನಿಜವಾದ ಬೆಲೆ ಬೇರೆ. ಲಂಡನ್ನಿನಲ್ಲಿ ಸ್ಥಳೀಯರಿಗೆ ಶುಲ್ಕ ನೂರು ಪೌಂಡಿನ ಒಳಗೇ ಇದೆ. ದೊಡ್ಡ ಓಟಗಳ ಪೈಕಿ ಇದು ಕಡಿಮೆಯೇ. ಲಾಟರಿ ಹೊಡೆದರೆ ಆ ಬೆಲೆ. ಹೊಡೆಯದಿದ್ದರೆ ಉಳಿಯುವುದು ಸೇವಾ ಸಂಸ್ಥೆಗಳ ಬಾಗಿಲು. ಸಂಸ್ಥೆಗಳು ಮೊದಲೇ ಜಾಗ ಕೊಂಡಿಟ್ಟಿರುತ್ತವೆ. ಅವರಿಗಾಗಿ ಎರಡು ಸಾವಿರ ಪೌಂಡ್ ಆಸುಪಾಸು ದೇಣಿಗೆ ಎತ್ತಿಕೊಡುತ್ತೇನೆಂದು ಒಪ್ಪಿದವರಿಗೆ ಬಿಬ್, ಅಂದರೆ ಎದೆಗೆ ಕಟ್ಟಿಕೊಳ್ಳುವ ಓಟದ ನಂಬರು, ಸಿಗುತ್ತದೆ. ಬಾಸ್ಟನ್ನಿನಲ್ಲಿ ಈ ಮೊತ್ತ ಕನಿಷ್ಠ 5,000 ಡಾಲರ್. ಲಾಟರಿಯಲ್ಲಿ ಸೋತವರನ್ನೂ ಲಂಡನ್ ಬರಿಗೈಯಲ್ಲಿ ಕಳಿಸುವುದಿಲ್ಲ: ಶುಲ್ಕವನ್ನು ಮೊದಲೇ ದಾನವಾಗಿ ಬಿಟ್ಟುಕೊಡಲು ಒಪ್ಪಿದರೆ ಅವರ ಹೆಸರು ಎರಡನೆಯ ಲಾಟರಿಗೂ ಹೋಗುತ್ತದೆ.

ದಾನದ ಹಣ ಒಳ್ಳೆಯ ಕೆಲಸಕ್ಕೇ ಹೋಗುತ್ತದೆ, ಅನುಮಾನವಿಲ್ಲ. 2025ರ ಲಂಡನ್ ಓಟ ಒಂದೇ ದಿನ 8 ಕೋಟಿ 73 ಲಕ್ಷ ಪೌಂಡ್ ದೇಣಿಗೆ ಕೂಡಿಸಿತು. ಕ್ಯಾನ್ಸರ್ ಸಂಶೋಧನೆಗೆ, ಅನಾಥ ಮಕ್ಕಳಿಗೆ ಹೋಗುವ ಆ ಹಣವನ್ನು ಬೇಡವೆನ್ನುವ ಮನುಷ್ಯ ನಾನಲ್ಲ. ನನ್ನ ತಕರಾರು ಬೇರೆ. ಇಷ್ಟು ಹಣ ಎತ್ತಬೇಕೆಂದರೆ ಕೊಡುವ ಸ್ಥಿತಿಯಲ್ಲಿರುವ ಗೆಳೆಯರು, ಸಹೋದ್ಯೋಗಿಗಳು, ನೆಂಟರು ಇರಬೇಕು. ಕಟ್ಟಡದ ಕಾವಲುಗಾರ ತನ್ನ ಬಳಗದಲ್ಲಿ ಎರಡು ಲಕ್ಷ ರೂಪಾಯಿ ಎತ್ತುವುದು ಹೇಗೆ? ಅವನ ಬಳಗದವರೂ ಕಾವಲುಗಾರರೇ. ಶುಲ್ಕ ತಡೆಯದಿದ್ದವರನ್ನು ದಾನ ತಡೆಯುತ್ತದೆ, ಅದೂ ಪುಣ್ಯದ ಹೆಸರಿನಲ್ಲಿ ತಡೆಯುವುದರಿಂದ ಯಾರೂ ಪ್ರಶ್ನಿಸುವುದಿಲ್ಲ.

ಬಾಸ್ಟನ್ನಿನ ದಾರಿ ಇದಕ್ಕಿಂತ ನ್ಯಾಯವಾದದ್ದು ಎಂದು ಬಹಳ ಕಾಲ ನಂಬಿದ್ದೆ. 1897ರಲ್ಲಿ 15 ಜನರಿಂದ ಶುರುವಾದ ಆ ಓಟದಲ್ಲಿ ಹೆಚ್ಚಿನವರಿಗೆ ಜಾಗ ಸಿಗುವುದು ಕಾಲಿನ ವೇಗದಿಂದ. 2026ರ ಓಟಕ್ಕೆ 35ರೊಳಗಿನ ಗಂಡಸರಿಗೆ ಅರ್ಹತೆಯ ಸಮಯ 2 ಗಂಟೆ 55 ನಿಮಿಷ. ನಮ್ಮ ಹುಡುಗ ಒಂದು ವರ್ಷ ಸರಿಯಾಗಿ ಅಭ್ಯಾಸ ಮಾಡಿದರೆ ಆ ಹೊತ್ತಿನೊಳಗೆ ಓಡಿಯಾನು. ಆದರೆ ಅದನ್ನು ಪ್ರಮಾಣಿತ ಮಾರ್ಗದ ಮ್ಯಾರಥಾನಿನಲ್ಲೇ ಓಡಿ ತೋರಿಸಬೇಕು, ಅಂದರೆ ಮೊದಲು ಇಲ್ಲೊಂದು ದೊಡ್ಡ ಓಟಕ್ಕೆ ಶುಲ್ಕ ಕಟ್ಟಬೇಕು. ಆಮೇಲೆ ಬಾಸ್ಟನ್ನಿನ ಶುಲ್ಕ, ಅಮೆರಿಕದ ವೀಸಾ ಅರ್ಜಿಗೆ 185 ಡಾಲರ್, ವಿಮಾನದ ಟಿಕೆಟು, ಓಟದ ವಾರದಲ್ಲಿ ದುಪ್ಪಟ್ಟಾಗುವ ಹೋಟೆಲ್ ಬಾಡಿಗೆ. ವೇಗಕ್ಕೆ ತೆರೆದ ಬಾಗಿಲಿನ ಮುಂದೆಯೂ ಹೊಸಲಿದೆ.

ಇಷ್ಟೆಲ್ಲ ಕಟ್ಟಿದ ಮೇಲೆ ಓಟವೇ ನಡೆಯದಿದ್ದರೆ? 2020ರ ಫೆಬ್ರುವರಿಯಲ್ಲಿ ಕೋವಿಡ್ ಕಾರಣಕ್ಕೆ ಟೋಕಿಯೊ ಓಟವನ್ನು ಸಾಮಾನ್ಯ ಓಟಗಾರರಿಗೆ ರದ್ದು ಮಾಡಿದರು. 38,000 ಜನರ ಶುಲ್ಕ ವಾಪಸ್ ಬರಲಿಲ್ಲ. ಮುಂದಿನ ವರ್ಷ ಓಡಬಹುದು, ಆದರೆ ಮತ್ತೆ ಹಣ ಕಟ್ಟಿ ಎಂದರು. ನನಗೂ ಇದರ ಚಿಕ್ಕ ಅನುಭವವಿದೆ. ಕೆಲವು ವರ್ಷಗಳ ಹಿಂದೆ ಒಂದು ಓಟಕ್ಕೆ ನಾಲ್ಕು ತಿಂಗಳು ಮೊದಲೇ ದುಡ್ಡು ಕಟ್ಟಿದ್ದೆ. ಅದರ ಹಿಂದಿನ ವಾರ ಅಪ್ಪ ಆಸ್ಪತ್ರೆ ಸೇರಿದರು. ನನ್ನ ಬಿಬ್ ಅನ್ನು ಗೆಳೆಯನೊಬ್ಬನಿಗೆ ವರ್ಗಾಯಿಸಿ ಎಂದು ಸಂಘಟಕರಿಗೆ ಬರೆದೆ. ಹಣ ಮರಳಿಸುವುದಿಲ್ಲ, ಹೆಸರು ಬದಲಿಸುವುದಿಲ್ಲ, ಮುಂದಿನ ವರ್ಷಕ್ಕೆ ಮುಂದೂಡುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆ ಜಾಗ ಯಾರಿಗೂ ಸಿಗದೆ ಖಾಲಿ ಹೋಯಿತು. ಓಡಬೇಕೆಂದು ಆಸೆಪಟ್ಟ ಒಬ್ಬನನ್ನು ಹೊರಗಿಟ್ಟು ಜಾಗ ಖಾಲಿ ಬಿಡುವ ಪದ್ಧತಿಯಿಂದ ಯಾರಿಗೆ ಒಳಿತೋ ನನಗೆ ಇಂದಿಗೂ ಅರ್ಥವಾಗಿಲ್ಲ.

2012ರ ನ್ಯೂಯಾರ್ಕಿನ ನೆನಪು ಇದಕ್ಕೆ ಅಂಟಿಕೊಂಡೇ ಬರುತ್ತದೆ. ಸ್ಯಾಂಡಿ ಚಂಡಮಾರುತ ನಗರವನ್ನು ಮುಳುಗಿಸಿತ್ತು. ಓಟ ಹೊರಡಬೇಕಾಗಿದ್ದ ಸ್ಟ್ಯಾಟನ್ ಐಲೆಂಡಿನಲ್ಲೇ ಹೆಣಗಳು ಸಿಗುತ್ತಿದ್ದವು. ಎರಡು ದಿನ ಬಾಕಿಯಿರುವಾಗ ಓಟ ರದ್ದಾಯಿತು. ಅಷ್ಟರಲ್ಲಿ ಲೋಕದ ಮೂಲೆ ಮೂಲೆಯಿಂದ ಓಟಗಾರರು ಬಂದಿಳಿದಿದ್ದರು. ಭಾನುವಾರ ಅವರಲ್ಲಿ ನೂರಾರು ಜನ ಬೆನ್ನಚೀಲದಲ್ಲಿ ಔಷಧ, ಬಟ್ಟೆ, ಟಾರ್ಚು ತುಂಬಿಕೊಂಡು ಸ್ಟ್ಯಾಟನ್ ಐಲೆಂಡಿಗೆ ಹೋಗಿ ಮನೆ ಕಳೆದುಕೊಂಡವರಿಗೆ ಹಂಚಿದರು. ಇನ್ನೂ ಸಾವಿರಾರು ಜನ ಸೆಂಟ್ರಲ್ ಪಾರ್ಕಿಗೆ ಹೋಗಿ ತಮ್ಮಷ್ಟಕ್ಕೆ ತಾವು ಓಡಿದರು. ಅಂದು ಟೈಮಿಂಗ್ ಚಿಪ್ ಇರಲಿಲ್ಲ, ಮೆಡಲ್ ಇರಲಿಲ್ಲ, ಶುಲ್ಕವಿರಲಿಲ್ಲ. 1970ರಲ್ಲಿ ಆ 127 ಜನ ಓಡಿದ ಅದೇ ಪಾರ್ಕು.

ಈ ದುಬಾರಿ ಓಟಗಳ ಕಥೆಯಲ್ಲಿ ನಮ್ಮವರೂ ಇದ್ದಾರೆ. ನ್ಯೂಯಾರ್ಕ್ ಮ್ಯಾರಥಾನಿಗೆ 2014ರಿಂದ, ಲಂಡನ್ನಿಗೆ 2022ರಿಂದ ಮುಖ್ಯ ಪ್ರಾಯೋಜಕ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವರ್ಲ್ಡ್ ಟೆನ್‌ಕೆ ಓಟವೂ ಈಗ ಅದೇ ಹೆಸರು ಹೊತ್ತಿದೆ. ವೆರಜಾನೊ ಸೇತುವೆಯ ಮೇಲೆ ಓಡುವವರ ಎದೆಯ ಬಿಬ್ಬಿನಲ್ಲಿರುವ ಅಕ್ಷರಗಳೇ ಕಬ್ಬನ್ ರಸ್ತೆಯಲ್ಲಿ ಓಡುವವರ ಎದೆಯ ಮೇಲೂ ಇವೆ. ಭಾರತದ ನಗರಗಳಲ್ಲಿ ಈ ಬಗೆಯ ದೊಡ್ಡ ಓಟಗಳಿಗೆ ದಾರಿ ಮಾಡಿದ್ದು 2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್. ಅಲ್ಲಿಂದ ಈಚೆಗೆ ನಮ್ಮಲ್ಲಿಯೂ ಓಟ ಅಂದರೆ ಪ್ರಾಯೋಜಕರು, ಎಕ್ಸ್‌ಪೋ, ಪೇಸರ್‌ಗಳು, ಫಿನಿಷರ್ ಟೀ ಶರ್ಟು, ದಾರಿಯುದ್ದಕ್ಕೂ ಫೋಟೊ. ಶುಲ್ಕದ ಮೇಲೆ ಶೇಕಡ 18ರ ಜಿಎಸ್‌ಟಿ ಬೇರೆ.

ಇಷ್ಟು ದೊಡ್ಡ ಪ್ರಾಯೋಜಕರಿದ್ದೂ ಶುಲ್ಕ ಯಾಕೆ ಇಳಿಯುವುದಿಲ್ಲ? ನನಗೆ ತಿಳಿದ ಮಟ್ಟಿಗೆ ಉತ್ತರ ಇದು: ಶುಲ್ಕ ಇಳಿಯಲೆಂದು ಪ್ರಾಯೋಜಕರು ಹಣ ಕೊಡುವುದಿಲ್ಲ. ಓಟ ಲೋಕವೆಲ್ಲ ನೋಡುವಂತಿರಲಿ ಎಂದು ಕೊಡುತ್ತಾರೆ. ಇಥಿಯೋಪಿಯಾ, ಕೆನ್ಯಾದ ಹೆಸರಾಂತ ಓಟಗಾರರನ್ನು ಕರೆಸುವುದು, ಬಹುಮಾನ, ಟಿವಿ ನೇರ ಪ್ರಸಾರ, ಜಾಹೀರಾತು, ಇವೆಲ್ಲ ಆ ಹಣದ ಕೆಲಸ. ನ್ಯೂಯಾರ್ಕಿನಲ್ಲಿ ಬಹಿರಂಗವಾಗಿ ಬಹುಮಾನದ ಹಣ ಕೊಡಲು ಶುರು ಮಾಡಿದ್ದು 1984ರಲ್ಲಿ. ಇಂದು ಗೆದ್ದವರಿಗೆ ಒಂದು ಲಕ್ಷ ಡಾಲರ್ ಸಿಗುತ್ತದೆ. ಬಡ ಊರಿನ ಹುಡುಗಿಯೊಬ್ಬಳು ಆ ಹಣದಿಂದ ಮನೆ ಕಟ್ಟುತ್ತಾಳೆ, ತಮ್ಮಂದಿರನ್ನು ಓದಿಸುತ್ತಾಳೆ. ಅದು ನನಗೆ ಸಂತೋಷದ ವಿಷಯವೇ. ಹಿಂದೆ ಓಡುವ ಐವತ್ತು ಸಾವಿರ ಜನರ ಶುಲ್ಕಕ್ಕೂ ಪ್ರಾಯೋಜಕರ ಹಣಕ್ಕೂ ಏನು ಸಂಬಂಧ ಎಂಬುದನ್ನು ಮಾತ್ರ ತೆರೆದು ಹೇಳಬೇಕು.

ಈ ವಿಷಯದಲ್ಲಿ ನ್ಯೂಯಾರ್ಕ್, ಲಂಡನ್ನುಗಳಿಂದ ಕಲಿಯುವುದಿದೆ. ನ್ಯೂಯಾರ್ಕ್ ಓಟ ನಡೆಸುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅಲ್ಲಿನ ಕಾನೂನಿನಂತೆ ಅದರ ವಾರ್ಷಿಕ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಮುಖ್ಯಸ್ಥರ ಸಂಬಳ ಎಷ್ಟು ಎಂಬುದೂ ಅದರಲ್ಲಿರುತ್ತದೆ. ಆ ಸಂಸ್ಥೆಯ ಸದಸ್ಯರು ಒಂದು ವರ್ಷದಲ್ಲಿ ಒಂಬತ್ತು ಓಟ ಓಡಿ, ಒಂದು ಓಟಕ್ಕೆ ಸ್ವಯಂಸೇವಕರಾಗಿ ದುಡಿದರೆ ಮುಂದಿನ ವರ್ಷದ ಮ್ಯಾರಥಾನಿನಲ್ಲಿ ಲಾಟರಿಯಿಲ್ಲದೆ ಜಾಗ. ಲಂಡನ್ನಿನಲ್ಲಿ ಓಟದಿಂದ ಉಳಿದ ಹಣ ಒಂದು ಪ್ರತಿಷ್ಠಾನಕ್ಕೆ ಹೋಗಿ, ಆಟದ ಮೈದಾನ ಮತ್ತಿತರ ಕ್ರೀಡಾ ಸೌಲಭ್ಯಗಳಾಗಿ ಜನರಿಗೆ ಮರಳುತ್ತದೆ. ನಮ್ಮ ದೊಡ್ಡ ಓಟಗಳಲ್ಲಿ ಹಲವನ್ನು ನಡೆಸುವುದು ಖಾಸಗಿ ಕಂಪನಿಗಳು. ಅದರಲ್ಲಿ ತಪ್ಪೇನಿಲ್ಲ; ಅವರ ಶ್ರಮವಿಲ್ಲದೆ ಈ ಓಟಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ ನಾನು ಕಟ್ಟಿದ ಎರಡು ಸಾವಿರದಲ್ಲಿ ಪೊಲೀಸರಿಗೆ ಎಷ್ಟು, ಪಾಲಿಕೆಗೆ ಎಷ್ಟು, ನೀರಿಗೆ, ವೈದ್ಯರಿಗೆ, ಟೀ ಶರ್ಟಿಗೆ, ಮೆಡಲಿಗೆ ಎಷ್ಟು ಎಂಬುದನ್ನು ಹದಿನೈದು ವರ್ಷಗಳಲ್ಲಿ ಒಬ್ಬ ಸಂಘಟಕರೂ ನನಗೆ ತೋರಿಸಿಲ್ಲ. ರಸ್ತೆಯನ್ನು ನಾಲ್ಕು ತಾಸು ಮುಚ್ಚಿಸಿಕೊಂಡವರು ಆ ರಸ್ತೆಯ ಒಡೆಯರಿಗೆ ಇಷ್ಟು ಲೆಕ್ಕ ಒಪ್ಪಿಸಬೇಕು.

ಪುಕ್ಕಟೆ ಓಟವೇ ಸಾಧ್ಯವಿಲ್ಲವೇ ಎಂದು ಕೇಳುವವರಿಗೆ ಲಂಡನ್ನಿನ ಇನ್ನೊಂದು ಉದಾಹರಣೆ ಇದೆ. 2004ರಲ್ಲಿ ಅಲ್ಲಿನ ಬುಷಿ ಪಾರ್ಕಿನಲ್ಲಿ 13 ಜನ ಸೇರಿ ಐದು ಕಿಲೋಮೀಟರ್ ಓಡಿದರು. ವಾರ ವಾರವೂ ಶನಿವಾರ ಬೆಳಿಗ್ಗೆ ಅದೇ ಹೊತ್ತಿಗೆ ಓಟ. ಅದೇ ಪಾರ್ಕ್‌ರನ್ ಆಗಿ ಹತ್ತಾರು ದೇಶಗಳಿಗೆ ಹಬ್ಬಿತು. ಸಮಯ ಬರೆದುಕೊಳ್ಳುವವರು, ದಾರಿ ತೋರಿಸುವವರು ಎಲ್ಲ ಸ್ವಯಂಸೇವಕರೇ. ಓಡುವವರು ಒಂದು ಪೈಸೆ ಕೊಡಬೇಕಿಲ್ಲ. 2016ರಲ್ಲಿ ಬ್ರಿಸ್ಟಲ್ ಹತ್ತಿರದ ಸ್ಟೋಕ್ ಗಿಫರ್ಡ್ ಎಂಬಲ್ಲಿನ ಸ್ಥಳೀಯ ಪಂಚಾಯಿತಿ, ಪಾರ್ಕಿನ ದಾರಿ ಸವೆಯುತ್ತದೆ, ದುರಸ್ತಿಗೆ ಓಟಗಾರರು ಹಣ ಕೊಡಲಿ ಎಂದು ತೀರ್ಮಾನಿಸಿತು. ಪಾರ್ಕ್‌ರನ್‌ನವರು ಹಣ ವಸೂಲಿ ಮಾಡಿ ಓಟ ನಡೆಸುವುದಕ್ಕಿಂತ ಅಲ್ಲಿ ಓಟವನ್ನೇ ನಿಲ್ಲಿಸಿದರು. ಎಲ್ಲರಿಗೂ ಪುಕ್ಕಟೆ ಎಂಬ ಒಂದು ಮಾತು ಬಿಟ್ಟುಕೊಟ್ಟರೆ ತಮ್ಮ ಓಟದಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮಹಾನಗರದ ಮ್ಯಾರಥಾನ್ ಹೀಗೆ ಪುಕ್ಕಟೆ ನಡೆಯಲಾರದು, ನಿಜ. ಆದರೂ ಆ ಓಟದಲ್ಲಿ ಬೇರೆ ಯಾವ ಆಟದಲ್ಲೂ ಇಲ್ಲದ ಒಂದು ಗುಣವಿದೆ. ಚಿನ್ನಸ್ವಾಮಿ ಕ್ರೀಡಾಂಗಣದ ಪಿಚ್ಚಿನ ಮೇಲೆ ನಾನು ವಿರಾಟ್ ಕೊಹ್ಲಿಯ ಜೊತೆ ಆಡಲಾರೆ. ಮ್ಯಾರಥಾನಿನಲ್ಲಿ ಮಾತ್ರ ವಿಶ್ವದಾಖಲೆ ಮಾಡುವವರೂ ಮೊಣಕಾಲು ನೋವಿನ ನಾನೂ ಒಂದೇ ದಿನ, ಒಂದೇ ರಸ್ತೆಯಲ್ಲಿ, ಒಂದೇ ಗೆರೆಯಿಂದ ಹೊರಡುತ್ತೇವೆ. 1970ರಲ್ಲಿ ಬೆಂಕಿ ಆರಿಸುವ ನೌಕರನೊಬ್ಬ ಆ ಗೆರೆಯಿಂದ ಹೊರಟು ಗೆದ್ದ. ಅಂಥವನೊಬ್ಬ ಇಂದು ಗೆರೆಯವರೆಗೆ ಬರುವ ಮೊದಲೇ ಶುಲ್ಕ ನೋಡಿ ಮರಳಿದರೆ ಓಟದ ಆ ಗುಣ ಸತ್ತಂತೆ. ನಮ್ಮ ಓಟಗಳ ಮುಂಜಾನೆ ನೀರಿನ ಬಾಟಲಿ ಚಾಚುವ, ತಡೆಬೇಲಿ ಹಿಡಿದು ನಿಲ್ಲುವ, ಬಿದ್ದ ಲೋಟ ಆಯುವ ಕೈಗಳನ್ನು ನೋಡಿದ್ದೇನೆ. ಆ ಕೈಗಳ ಒಡೆಯರು ಬಿಬ್ ಕಟ್ಟಿಕೊಂಡು ಓಡಿದ್ದನ್ನು ಕಂಡ ನೆನಪಿಲ್ಲ.

ಹಾಗಾಗಿ ನನ್ನ ವಿನಂತಿ ಎರಡು. ಒಂದು ಓಟಗಾರರಿಗೆ: ಮುಂದಿನ ಓಟಕ್ಕೆ ದುಡ್ಡು ಕಟ್ಟುವ ಮೊದಲು ಸಂಘಟಕರಿಗೆ ಒಂದು ಪತ್ರ ಬರೆಯಿರಿ. ಶುಲ್ಕದ ಬಾಬತ್ತುಗಳನ್ನು ಪ್ರಕಟಿಸಿ ಎಂದು ಕೇಳಿ. ಟೀ ಶರ್ಟು, ಮೆಡಲು ಬೇಡವೆನ್ನುವವರಿಗೆ ಅಷ್ಟು ಕಡಿಮೆ ಮಾಡಿ ಎಂದು ಕೇಳಿ. ಓಡಲಾಗದಿದ್ದರೆ ಬಿಬ್ಬನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಅವಕಾಶ ಕೇಳಿ. ಸಾವಿರ ಜನ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನೊಂದು, ಓಟಕ್ಕೆ ಅನುಮತಿ ಕೊಡುವ ಪೊಲೀಸ್ ಆಯುಕ್ತರಿಗೆ, ಪಾಲಿಕೆಯ ಅಧಿಕಾರಿಗಳಿಗೆ, ಕ್ರೀಡಾ ಇಲಾಖೆಗೆ. ರಸ್ತೆ ನಿಮ್ಮ ಸುಪರ್ದಿಯಲ್ಲಿದೆ, ಷರತ್ತು ಹಾಕುವ ಹಕ್ಕೂ ನಿಮಗಿದೆ. ಅನುಮತಿ ಪತ್ರದಲ್ಲಿ ಒಂದು ಸಾಲು ಸೇರಿಸಿ: ನೂರಕ್ಕೆ ಹತ್ತು ಬಿಬ್ ನೂರು ರೂಪಾಯಿಗೆ, ಸರ್ಕಾರಿ ಶಾಲಾ ಕಾಲೇಜಿನ ಮಕ್ಕಳಿಗೆ, ಪೌರಕಾರ್ಮಿಕರಿಗೆ, ಕಾವಲುಗಾರರಿಗೆ, ಹೋಮ್‌ಗಾರ್ಡುಗಳಿಗೆ.